ಗುಣವಾಗುವವರೆಗೆ ಕಾಯಬೇಕಾಗಿಲ್ಲ: ಮನೆ ಮತ್ತು ಕೆಲಸದ ಬಗ್ಗೆ ಓದುಗರ ಪ್ರಶ್ನೆಗಳು

ಮಾನಸಿಕ ಕಾಯಿಲೆಗಳ ಕುರಿತ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮಾತ್ರೆ, ಡೋಸು, ನಿದ್ರೆಯ ಬಗ್ಗೆ ಕೇಳುವವರೇ ಹೆಚ್ಚು. ಈ ಬಾರಿ ಬೇರೆ ಬೇರೆ ಊರುಗಳಿಂದ ಬಂದ ಐದು ಪತ್ರಗಳು ಮಾತ್ರ ಆಸ್ಪತ್ರೆಯ ಬಾಗಿಲು ದಾಟಿದ ಮೇಲಿನ ಬದುಕನ್ನು ಕುರಿತಿವೆ. ಎಲ್ಲಿರುವುದು, ಯಾರೊಡನೆ ಇರುವುದು, ಹಗಲನ್ನು ಹೇಗೆ ಕಳೆಯುವುದು, ನಾಲ್ಕು ಕಾಸು ಹೇಗೆ ದುಡಿಯುವುದು ಎಂಬ ಪ್ರಶ್ನೆಗಳಿಗೆ ಔಷಧದ ಚೀಟಿಯಲ್ಲಿ ಉತ್ತರವಿರುವುದಿಲ್ಲ. ಮನೋಸಾಮಾಜಿಕ ಕಾರ್ಯಕರ್ತೆಯಾಗಿ ನಾನು ಕಳೆದ ವರ್ಷಗಳ ಬಹುಪಾಲು ಈ ಪ್ರಶ್ನೆಗಳ ಜೊತೆಗೇ ಕಳೆದಿರುವುದರಿಂದ ಇಡೀ ಸಂಚಿಕೆಯನ್ನು ಅವುಗಳಿಗೆ ಮೀಸಲಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ನನಗೀಗ 69 ವರ್ಷ, ಮಗನಿಗೆ 38. ಹದಿನೈದು ವರ್ಷಗಳಿಂದ ಅವನಿಗೆ ಸ್ಕಿಜೋಫ್ರೀನಿಯಾ ಇದೆ. ಮಾತ್ರೆ ತಪ್ಪಿಸುವುದಿಲ್ಲ, ಗಲಾಟೆಯೂ ಇಲ್ಲ. ಆದರೆ ಹತ್ತು ಗಂಟೆಗೆ ಎದ್ದು, ಊಟ ಮಾಡಿ, ಮತ್ತೆ ಮಲಗುತ್ತಾನೆ. ಸ್ನಾನಕ್ಕೂ ನಾನೇ ಹೇಳಬೇಕು. ಅಂಚೆ ಇಲಾಖೆಯಲ್ಲಿದ್ದ ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು. ಮಗಳು ಪುಣೆಯಲ್ಲಿದ್ದಾಳೆ. ಪೂರ್ತಿ ಗುಣವಾದ ಮೇಲೆ ಯಾವುದಾದರೂ ಕೆಲಸಕ್ಕೆ ಸೇರಿಸೋಣವೆಂದು ಕಾಯುತ್ತಿದ್ದೇನೆ. ನನ್ನ ನಂತರ ಇವನಿಗೆ ಯಾರು ದಿಕ್ಕು? ಇಂಥವರಿಗೆಂದೇ ಇರುವ ಮನೆಗಳು ಇವೆಯೇ? – ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಅಮ್ಮಾ, ‘ಪೂರ್ತಿ ಗುಣವಾದ ಮೇಲೆ’ ಎಂಬ ನಿಮ್ಮ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಕಾಯುವಿಕೆಯಲ್ಲಿ ಎಷ್ಟೋ ಮನೆಗಳ ಹತ್ತು ಹದಿನೈದು ವರ್ಷಗಳು ಸರಿದುಹೋಗಿರುವುದನ್ನು ನಾನು ಕಂಡಿದ್ದೇನೆ. ಮಾತ್ರೆಗಳು ಕಿವಿಯಲ್ಲಿ ಕೇಳುವ ದನಿಗಳನ್ನು, ಅನುಮಾನವನ್ನು, ಭಯವನ್ನು ತಗ್ಗಿಸುತ್ತವೆ. ಬೆಳಿಗ್ಗೆ ಏಳಬೇಕೆನ್ನುವ ಹುರುಪನ್ನು, ಯಾರೊಡನಾದರೂ ಮಾತನಾಡಬೇಕೆನ್ನುವ ಆಸೆಯನ್ನು ಅವು ಅಷ್ಟು ಸುಲಭವಾಗಿ ಮರಳಿ ತರಲಾರವು. ನಿಮ್ಮ ಮಗ ಮಲಗಿರುವುದು ಸೋಮಾರಿತನದಿಂದ ಎಂದು ನೆಂಟರು ಹೇಳಿದ್ದಿರಬಹುದು. ಅದೂ ಕಾಯಿಲೆಯ ಒಂದು ಮುಖವೇ. ಆ ಹುರುಪು ಮರಳಬೇಕಾದರೆ ಏಳುವುದಕ್ಕೊಂದು ಕಾರಣ ಬೇಕು, ಹೋಗುವುದಕ್ಕೊಂದು ಜಾಗ ಬೇಕು, ‘ಇವತ್ತು ಯಾಕೆ ಬರಲಿಲ್ಲ’ ಎಂದು ಕೇಳುವ ಒಬ್ಬರಾದರೂ ಬೇಕು. ಆದ್ದರಿಂದ ಕೆಲಸವೂ ಬೇರೆ ಮನೆಯ ಅಭ್ಯಾಸವೂ ಗುಣವಾದವರಿಗೆ ಸಿಗುವ ಬಹುಮಾನಗಳೆಂದು ಭಾವಿಸದೆ, ಅವನ್ನು ಚಿಕಿತ್ಸೆಯ ಭಾಗವೆಂದೇ ನೋಡಿ.

ಇಂಥವರಿಗಾಗಿ ಮನೆಗಳು ಇವೆ, ಆದರೆ ಬೇಕಾದಷ್ಟಿಲ್ಲ, ಇರುವವುಗಳಲ್ಲಿ ಹೆಚ್ಚಿನವು ಬೆಂಗಳೂರಿನ ಸುತ್ತಲೇ ಇವೆ. ಆಸ್ಪತ್ರೆಗೂ ಸ್ವಂತ ಮನೆಗೂ ನಡುವೆ ಕೆಲವು ತಿಂಗಳು ಅಥವಾ ಒಂದೆರಡು ವರ್ಷ ಇದ್ದು, ಅಡುಗೆ, ಬಟ್ಟೆ, ಹಣದ ಲೆಕ್ಕ, ನೆರೆಯವರೊಡನೆ ಮಾತು, ಮಾತ್ರೆಯನ್ನು ತಾನೇ ತೆಗೆದುಕೊಳ್ಳುವುದು ಇವನ್ನೆಲ್ಲ ಮತ್ತೆ ರೂಢಿಸಿಕೊಳ್ಳುವ ತಾಣವನ್ನು ಹಾಫ್‌ವೇ ಹೋಮ್ ಎನ್ನುತ್ತಾರೆ. ಬೆಂಗಳೂರಿನಲ್ಲಿ 1964ರಲ್ಲಿ ಆರಂಭವಾದ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್ ನಮ್ಮ ದೇಶದಲ್ಲಿ ಇಂಥ ಮನೆಯನ್ನು ಮೊದಮೊದಲು ತೆರೆದ ಸಂಸ್ಥೆಗಳಲ್ಲಿ ಒಂದು. 1986ರಲ್ಲಿ ಸ್ಥಾಪನೆಯಾದ ರಿಚ್‌ಮಂಡ್ ಫೆಲೋಶಿಪ್ ಸೊಸೈಟಿ ಬೆಂಗಳೂರಿನಲ್ಲಿ ‘ಆಶಾ’ ಎಂಬ ಹಾಫ್‌ವೇ ಹೋಮ್, ‘ಜ್ಯೋತಿ’ ಎಂಬ ದೀರ್ಘಕಾಲದ ಗುಂಪುಮನೆ, ‘ಚೇತನಾ’ ಎಂಬ ಹಗಲು ಕೇಂದ್ರ ಇವುಗಳನ್ನು ಕಟ್ಟಿ ಬೆಳೆಸಿತು. ಶಿಡ್ಲಘಟ್ಟದಲ್ಲೂ ಅದರ ಕೆಲಸವಿದೆ. ಗುಂಪುಮನೆಗೂ ಹಾಫ್‌ವೇ ಹೋಮಿಗೂ ಇರುವ ವ್ಯತ್ಯಾಸ ನಿಮಗೆ ಮುಖ್ಯವಾದದ್ದು. ಹಾಫ್‌ವೇ ಹೋಮಿನಿಂದ ಒಂದು ದಿನ ಹೊರಗೆ ಬರಲೇಬೇಕು, ಗುಂಪುಮನೆಯಲ್ಲಿ ವರ್ಷಗಟ್ಟಲೆ ನೆಲೆಸಬಹುದು. ಹಲವೆಡೆ ತಿಂಗಳ ಶುಲ್ಕವನ್ನು ಕುಟುಂಬವೇ ಭರಿಸಬೇಕಾಗುತ್ತದೆಯಾದ್ದರಿಂದ, ಹಣದ ದಾರಿಯನ್ನೂ ಈಗಲೇ ಯೋಚಿಸಬೇಕು.

ಯಜಮಾನರು ಕೇಂದ್ರ ಸರ್ಕಾರದ ನೌಕರರಾಗಿದ್ದುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಾನಸಿಕ ಅಥವಾ ದೈಹಿಕ ವೈಕಲ್ಯದಿಂದಾಗಿ ತನ್ನ ಜೀವನೋಪಾಯವನ್ನು ತಾನೇ ನಡೆಸಲಾಗದ ಮಗ ಅಥವಾ ಮಗಳಿಗೆ 25 ವರ್ಷ ದಾಟಿದ ಮೇಲೂ, ಜೀವನಪರ್ಯಂತ ಕುಟುಂಬ ಪಿಂಚಣಿ ದೊರೆಯಲು ಕೇಂದ್ರದ ನಿಯಮಗಳಲ್ಲಿ ಅವಕಾಶವಿದೆ. ನೀವು ಬದುಕಿರುವಾಗಲೇ ಪಿಂಚಣಿ ಆದೇಶದಲ್ಲಿ ಮಗನ ಹೆಸರನ್ನು ಸೇರಿಸಲು ವೈದ್ಯಕೀಯ ಪ್ರಮಾಣಪತ್ರದೊಡನೆ ಅರ್ಜಿ ಕೊಡಿ. ನಿಮ್ಮ ನಂತರ ಅವನೊಬ್ಬನೇ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದ ಪರಿಸ್ಥಿತಿಯನ್ನು ನೆನೆದುಕೊಂಡರೆ ಈ ಅರ್ಜಿಯ ಬೆಲೆ ತಿಳಿಯುತ್ತದೆ. ‘ಕೆಲಸಕ್ಕೆ ಹೋದರೆ ಪಿಂಚಣಿ ತಪ್ಪುತ್ತದೆ’ ಎಂದು ಅನೇಕರು ಮಕ್ಕಳನ್ನು ಮನೆಯಲ್ಲೇ ಕೂರಿಸುತ್ತಾರೆ. 2021ರಲ್ಲಿ ಈ ನಿಯಮವನ್ನು ಸಡಿಲಿಸಲಾಗಿದೆ: ಅವನ ಒಟ್ಟು ಆದಾಯ ಅವನಿಗೆ ಸಲ್ಲಬೇಕಾದ ಕುಟುಂಬ ಪಿಂಚಣಿಗಿಂತ ಕಡಿಮೆಯಿದ್ದರೆ ಹಕ್ಕು ಉಳಿಯುತ್ತದೆ. ಅರ್ಧ ದಿನದ ಸಣ್ಣ ಸಂಬಳಕ್ಕೆ ಹೆದರಬೇಕಾಗಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯಿಂದಲೂ ನಿಮ್ಮನ್ನು ಪಾರುಮಾಡಬೇಕಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪಾಲಕರನ್ನು ನೇಮಿಸಿಕೊಳ್ಳಬಹುದೆಂದು ಯಾರಾದರೂ ಹೇಳಿದರೆ ಅದು ನಿಮ್ಮ ಮಗನಿಗೆ ಅನ್ವಯಿಸುವುದಿಲ್ಲ. ಆ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವೈಕಲ್ಯಗಳಿಗೆ ಸೀಮಿತವಾದದ್ದು. ಮಾನಸಿಕ ಕಾಯಿಲೆಯಿರುವವರ ಆಸ್ತಿಯ ವಿಚಾರದಲ್ಲಿ ಹೆಚ್ಚಿನ ಕುಟುಂಬಗಳು ಅನುಸರಿಸುವ ದಾರಿಯೆಂದರೆ ಸ್ಪಷ್ಟವಾದ ಉಯಿಲು, ಜೊತೆಗೆ 1882ರ ಭಾರತೀಯ ನ್ಯಾಸ ಕಾಯ್ದೆಯಡಿ ಒಂದು ಖಾಸಗಿ ಟ್ರಸ್ಟು. ಮಗಳು, ನಂಬಿಕೆಯ ಒಬ್ಬ ನೆಂಟರು ಮತ್ತು ಕುಟುಂಬದ ಹೊರಗಿನ ಒಬ್ಬರು ಟ್ರಸ್ಟಿಗಳಾಗಿ, ಮನೆ ಅಥವಾ ಠೇವಣಿಯ ಆದಾಯ ಮಗನ ವಾಸಕ್ಕೂ ಚಿಕಿತ್ಸೆಗೂ ಹೋಗುವಂತೆ ಬರೆಸಬಹುದು. ಮನೆಯನ್ನು ಅವನೊಬ್ಬನ ಹೆಸರಿಗೆ ಮಾಡಿ ಕೈತೊಳೆದುಕೊಳ್ಳುವುದಾಗಲಿ, ‘ಅಣ್ಣನನ್ನು ನೋಡಿಕೋ’ ಎಂಬ ಬಾಯಿಮಾತಿನ ಮೇಲೆ ಎಲ್ಲವನ್ನೂ ಮಗಳಿಗೆ ಬರೆಯುವುದಾಗಲಿ ಇಬ್ಬರಿಗೂ ಅನ್ಯಾಯವೆಂದು ನನಗನ್ನಿಸುತ್ತದೆ.

ಚಿಕಿತ್ಸೆಯ ವಿಷಯದಲ್ಲಿ ತನ್ನ ಪರವಾಗಿ ನಿಲ್ಲುವವರನ್ನು ನಿಮ್ಮ ಮಗನೇ ಆರಿಸಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 14ನೇ ಕಲಮಿನ ಪ್ರಕಾರ ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿದರೂ ಹೆಬ್ಬೆಟ್ಟು ಒತ್ತಿದರೂ ನಾಮನಿರ್ದೇಶಿತ ಪ್ರತಿನಿಧಿಯ ನೇಮಕ ಆಗುತ್ತದೆ. ಮಗಳು ರಜೆಗೆ ಬಂದಾಗ ಮೂವರೂ ಕೂತು ಇದನ್ನು ಬರೆಯಿರಿ. ಅವನು ಯಾರ ಹೆಸರು ಹೇಳುತ್ತಾನೋ ಕೇಳಿ.

ಕೊನೆಯದಾಗಿ, ಬೇರೆ ಮನೆಯ ಅಭ್ಯಾಸವನ್ನು ನೀವು ಗಟ್ಟಿಯಾಗಿರುವಾಗಲೇ ಮಾಡಿಸಿ. ತಾಯಿ ತೀರಿಕೊಂಡ ವಾರವೇ ಗುರುತಿಲ್ಲದ ಮನೆಯ ಗುರುತಿಲ್ಲದ ಹಾಸಿಗೆಗೆ ಹೋಗಬೇಕಾದವರ ಕಾಯಿಲೆ ಉಲ್ಬಣಿಸುವುದನ್ನು ನಾನು ಒಂದಲ್ಲ ಹಲವು ಬಾರಿ ನೋಡಿದ್ದೇನೆ. ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಂಡು, ‘ಮಾನಸಧಾರ’ ಯೋಜನೆಯ ಹಗಲು ಕೇಂದ್ರಕ್ಕೆ ಮಗನನ್ನು ಸೇರಿಸಲು ಸಾಧ್ಯವೇ ಎಂದು ಕೇಳಿ. ಅಲ್ಲಿಗೆ ಹೋಗಿಬರುವುದು ರೂಢಿಯಾದ ಮೇಲೆ ಯಾವುದಾದರೂ ವಸತಿ ಕೇಂದ್ರದಲ್ಲಿ ಹದಿನೈದು ದಿನ, ಆಮೇಲೆ ಎರಡು ತಿಂಗಳು ಇದ್ದುಬರಲಿ. ಅಲ್ಲಿಂದ ಫೋನು ಮಾಡಿ ‘ಅಮ್ಮಾ, ಇಲ್ಲಿಯ ಸಾರು ಚೆನ್ನಾಗಿಲ್ಲ’ ಎಂದರೆ ಗಾಬರಿಯಾಗಬೇಡಿ. ಹದಿನೈದು ವರ್ಷಗಳ ನಂತರ ಅವನು ಏನನ್ನಾದರೂ ಬೇಕು, ಬೇಡ ಎನ್ನತೊಡಗಿದ್ದಾನೆಂದು ತಿಳಿಯಿರಿ.

ಪ್ರಶ್ನೆ: ನನ್ನ ವಯಸ್ಸು 29, ಬಿ.ಕಾಂ. ಓದಿದ್ದೇನೆ. ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಏರಿಳಿಯುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಎರಡು ಕಡೆ ಕೆಲಸ ಹೋಯಿತು. ಒಂದು ಕಡೆ ರಾತ್ರಿ ಪಾಳಿಯಲ್ಲಿದ್ದಾಗ ಕಾಯಿಲೆ ಮರುಕಳಿಸಿತು. ಈಗ ಒಂದೂವರೆ ವರ್ಷದಿಂದ ಮನೆಯಲ್ಲಿದ್ದೇನೆ. ಮುಂದಿನ ಸಂದರ್ಶನದಲ್ಲಿ ಕಾಯಿಲೆಯ ವಿಷಯ ಹೇಳಬೇಕೇ, ಮುಚ್ಚಿಡಬೇಕೇ? – ಓದುಗ, ತುಮಕೂರು

ಉತ್ತರ: ನಿಮ್ಮ ಪತ್ರದಲ್ಲಿ ರಾತ್ರಿ ಪಾಳಿಯ ಮಾತು ಒಂದೇ ಸಾಲಿನಲ್ಲಿ ಬಂದಿದೆ, ನನ್ನ ಕಣ್ಣಿಗೆ ಬಿದ್ದದ್ದು ಅದೇ. ಬೈಪೋಲಾರ್ ಇರುವವರಿಗೆ ನಿದ್ರೆಯ ಲಯ ತಪ್ಪುವುದು ಕಾಯಿಲೆಗೆ ಬಾಗಿಲು ತೆರೆದಂತೆ. ಆದ್ದರಿಂದ ಸಂಬಳ ತುಸು ಕಡಿಮೆಯಾದರೂ ಹಗಲು ಹೊತ್ತಿನ, ಸಮಯ ನಿಶ್ಚಿತವಾಗಿರುವ ಕೆಲಸವನ್ನೇ ಹುಡುಕಿ. ಪಾಳಿ ಬದಲಾಗುವ ಕೆಲಸಕ್ಕೆ ಒಪ್ಪುವ ಮುನ್ನ ವೈದ್ಯರೊಡನೆ ಮಾತನಾಡಿ. ಎರಡು ಕೆಲಸ ಹೋದದ್ದಕ್ಕೆ ‘ನನ್ನಿಂದಾಗುವುದಿಲ್ಲ’ ಎಂಬ ತೀರ್ಮಾನಕ್ಕೆ ಬರಬೇಡಿ. ಒಂದು ಕೆಲಸವಾದರೂ ನಿಮಗೆ ಹೊಂದದ ವೇಳೆಯದ್ದಾಗಿತ್ತು.

ಹೇಳಬೇಕೇ ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಸಾಮಾನ್ಯವಾದ ಖಾಸಗಿ ಕೆಲಸದ ಮೊದಲ ಸಂದರ್ಶನದಲ್ಲಿ ಕಾಯಿಲೆಯ ಹೆಸರನ್ನು ತಾನಾಗಿಯೇ ಹೇಳಬೇಕಾದ ಅಗತ್ಯವನ್ನು ನಾನು ಕಾಣೆ. ನಿಮ್ಮ ಚಿಕಿತ್ಸೆಯ ಗೋಪ್ಯತೆ 2017ರ ಕಾಯ್ದೆ ಕೊಟ್ಟಿರುವ ಹಕ್ಕು. ಬಿಡುವಿನ ಅವಧಿಯ ಬಗ್ಗೆ ಕೇಳಿದರೆ ‘ಆರೋಗ್ಯದ ಕಾರಣಕ್ಕೆ ಬಿಡುವು ಪಡೆದಿದ್ದೆ, ಈಗ ಚಿಕಿತ್ಸೆಯಲ್ಲಿ ಸ್ಥಿರವಾಗಿದ್ದೇನೆ’ ಎಂದರೆ ಸಾಕು, ಅದು ನಿಜವೂ ಹೌದು. ಸುಳ್ಳು ಅನುಭವಪತ್ರ ತೋರಿಸುವ ಕೆಲಸ ಮಾತ್ರ ಬೇಡ. ಆದರೆ ತಿಂಗಳಿಗೊಂದು ಅರ್ಧ ದಿನ ಆಸ್ಪತ್ರೆಗೆ ಹೋಗಬೇಕು, ಲಿಥಿಯಂ ಮಟ್ಟ ನೋಡಲು ರಕ್ತಪರೀಕ್ಷೆ ಮಾಡಿಸಬೇಕು, ರಾತ್ರಿ ಪಾಳಿ ಆಗದು ಎಂಬಂಥ ಅನುಕೂಲಗಳು ಬೇಕಿದ್ದರೆ, ಕೆಲಸಕ್ಕೆ ಸೇರಿ ನಿಮ್ಮ ಶ್ರದ್ಧೆ ಕಂಡ ಮೇಲೆ, ನಂಬಬಹುದಾದ ಒಬ್ಬ ಮೇಲಧಿಕಾರಿಗೆ ಅಥವಾ ಮಾನವ ಸಂಪನ್ಮೂಲ ವಿಭಾಗಕ್ಕೆ ತಿಳಿಸುವುದು ಒಳ್ಳೆಯದು. ರೋಗದ ಇತಿಹಾಸವನ್ನೆಲ್ಲ ಬಿಡಿಸಿಡುವ ಬದಲು, ನಿಮಗೆ ಏನು ಬೇಕು ಎಂಬುದನ್ನು ಹೇಳಿ. ಅಂಗವಿಕಲರ ಮೀಸಲಾತಿಯಲ್ಲಿ ಕೆಲಸ ಪಡೆಯುವುದಾದರೆ ಹೇಳದೆ ದಾರಿಯಿಲ್ಲ, ಏಕೆಂದರೆ ಪ್ರಮಾಣಪತ್ರದಲ್ಲೇ ಅದು ಇರುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸರ್ಕಾರಿ ಉದ್ಯೋಗದಲ್ಲಿ ಆ ಕಾಯ್ದೆ ಕೊಡುವ ಕನಿಷ್ಠ ಶೇಕಡ 4ರ ಮೀಸಲಾತಿಯಲ್ಲಿ ಶೇಕಡ 1ರ ಪಾಲು ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮತ್ತು ಬಹುವೈಕಲ್ಯ ಇರುವವರಿಗೆ ಸಲ್ಲುತ್ತದೆ. ಸೇವೆಯಲ್ಲಿರುವಾಗ ಕಾಯಿಲೆಗೆ ತುತ್ತಾದ ಸರ್ಕಾರಿ ನೌಕರರನ್ನು ಆ ಕಾರಣಕ್ಕೆ ತೆಗೆದುಹಾಕುವಂತಿಲ್ಲ. ಆ ಹುದ್ದೆ ಹೊಂದದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ಕಳಿಸಬೇಕು. ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಮಾನಸಿಕ ಕಾಯಿಲೆಯಿರುವ ನೌಕರನ ಮೇಲೆ ಕಾಯಿಲೆಗೆ ಸಂಬಂಧಿಸಿದ ನಡವಳಿಕೆಗಾಗಿ ಶಿಸ್ತುಕ್ರಮ ಜರುಗಿಸುವುದು ಪರೋಕ್ಷ ತಾರತಮ್ಯವೆಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ ಹೇಳಿತು. ಖಾಸಗಿ ಕ್ಷೇತ್ರದಲ್ಲಿ ರಕ್ಷಣೆ ಇಷ್ಟು ಗಟ್ಟಿಯಾಗಿಲ್ಲವೆನ್ನುವುದನ್ನು ನಿಮ್ಮಿಂದ ಮರೆಮಾಚುವುದಿಲ್ಲ. ಆದರೆ ಅಲ್ಲಿನ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂಬ ನಿಯಮವಿದೆ. ಸಂದರ್ಶನಕ್ಕೆ ಹೋಗುವ ಮುನ್ನ ಆ ನೀತಿಯನ್ನು ಓದಿದರೆ ಆ ಜಾಗದ ಗಾಳಿ ತುಸು ತಿಳಿಯುತ್ತದೆ.

ಕೆಲಸದ ಬೆಂಬಲದ ಬಗ್ಗೆಯೂ ಒಂದು ಮಾತು. ಮೊದಲು ವರ್ಷಗಟ್ಟಲೆ ಮೇಣದಬತ್ತಿ, ಕವರು ಮಾಡುವ ತರಬೇತಿ, ಆಮೇಲೆ ಎಂದಾದರೊಂದು ದಿನ ಕೆಲಸ ಎನ್ನುವುದು ಹಳೆಯ ಕ್ರಮ. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನಲ್ಲಿ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ 1990ರ ದಶಕದಲ್ಲಿ ರೂಪಿಸಿದ ಕ್ರಮ ಇದನ್ನು ತಿರುಗಿಸಿತು: ದುಡಿಯಲು ಬಯಸುವವರನ್ನು ಅವರ ಇಷ್ಟಕ್ಕೆ ಹೊಂದುವ ನಿಜವಾದ ಕೆಲಸಕ್ಕೆ ಬೇಗ ಸೇರಿಸಿ, ಕಲಿಸುವುದನ್ನು ಕೆಲಸದಲ್ಲೇ ಕಲಿಸಿ, ಬೆಂಬಲವನ್ನು ಕಾಲಮಿತಿಯಿಲ್ಲದೆ ಮುಂದುವರಿಸುವುದು. ಬೇರೆ ಬೇರೆ ದೇಶಗಳಲ್ಲಿ ಪರೀಕ್ಷಿಸಿದಾಗಲೂ ಹಳೆಯ ಕ್ರಮಕ್ಕಿಂತ ಇದರಿಂದ ಹೆಚ್ಚು ಜನ ಕೆಲಸ ಪಡೆದಿದ್ದಾರೆ. ನಮ್ಮಲ್ಲಿ ಅಂಥ ವ್ಯವಸ್ಥೆ ವ್ಯಾಪಕವಾಗಿಲ್ಲ, ಆದರೆ ಬೀಜಗಳಿವೆ. ನಿಮ್ಹಾನ್ಸ್‌ನ ಮನೋವೈದ್ಯಕೀಯ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಮುದ್ರಣ, ಮರಗೆಲಸ, ಹೊಲಿಗೆ, ತೋಟಗಾರಿಕೆಗಳ ಜೊತೆಗೆ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರೇ ನಡೆಸುವ ‘ರೋಸಸ್’ ಎಂಬ ಕೆಫೆ ಇದೆ. 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆ ಬಗೆಬಗೆಯ ವೈಕಲ್ಯಗಳಿರುವವರಿಗೆ, ಮಾನಸಿಕ ಕಾಯಿಲೆಯಿರುವವರಿಗೂ, ಸಂಬಳದ ಕೆಲಸ ಕೊಡುತ್ತಿದೆ. ನೀವು ಬಿ.ಕಾಂ. ಓದಿದವರು, ಕೆಫೆಯ ಕೆಲಸವೇ ಆಗಬೇಕೆಂದಿಲ್ಲ; ನಿಮ್ಮೂರಿನ ತೆರಿಗೆ ಸಲಹೆಗಾರರ ಕಚೇರಿಯಲ್ಲೋ ಸಹಕಾರ ಸಂಘದಲ್ಲೋ ದಿನಕ್ಕೆ ನಾಲ್ಕು ಗಂಟೆಯ ಲೆಕ್ಕಪತ್ರದ ಕೆಲಸದಿಂದ ಆರಂಭಿಸಿ. ಮೂರು ತಿಂಗಳಿಗೊಮ್ಮೆ ಒಂದು ಗಂಟೆ ಹೆಚ್ಚಿಸಿಕೊಂಡು ಹೋದರೂ ತಡವೇನಲ್ಲ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ನನ್ನದೊಂದು ಬಾಡಿಗೆ ಮನೆ ಖಾಲಿಯಿದೆ. ಆಸ್ಪತ್ರೆಯಿಂದ ಬಿಡುಗಡೆಯಾದ ನಾಲ್ವರು ಹೆಂಗಸರಿಗಾಗಿ ಒಂದು ಸಂಸ್ಥೆಯವರು ಅದನ್ನು ಕೇಳುತ್ತಿದ್ದಾರೆ. ನನಗೆ ಕೊಡುವ ಮನಸ್ಸಿದೆ. ಅಕ್ಕಪಕ್ಕದವರು ‘ಮಕ್ಕಳಿರುವ ಬೀದಿ, ತಲೆ ಕೆಟ್ಟವರನ್ನು ತಂದು ಕೂರಿಸುತ್ತೀರಾ’ ಎನ್ನುತ್ತಿದ್ದಾರೆ. ಏನು ಮಾಡಲಿ? – ಮನೆಯ ಮಾಲೀಕ, ಮೈಸೂರು

ಉತ್ತರ: ಕೊಡಿ ಎಂಬುದು ನನ್ನ ಸಲಹೆ. ಆದರೆ ನೆರೆಯವರ ಭಯವನ್ನು ತಳ್ಳಿಹಾಕದೆ, ಕೇಳಬೇಕಾದ್ದನ್ನು ಕೇಳಿ ಕೊಡಿ.

ಸಂಸ್ಥೆಯವರು ಹೇಳುತ್ತಿರುವ ಕ್ರಮ ಹೊಸದೇನಲ್ಲ. ಚೆನ್ನೈಯಲ್ಲಿ 1993ರಲ್ಲಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಕಟ್ಟಿದ ‘ದಿ ಬ್ಯಾನ್ಯನ್’ ಸಂಸ್ಥೆ 2015ರಿಂದ ‘ಹೋಮ್ ಅಗೇನ್’ ಎಂಬ ಕಾರ್ಯಕ್ರಮ ನಡೆಸುತ್ತಿದೆ. ಬಹುಕಾಲ ಆಸ್ಪತ್ರೆಯಲ್ಲೇ ಉಳಿದುಹೋದ, ಮನೆಯವರಿಲ್ಲದ ಅಥವಾ ಮನೆಯವರು ಒಲ್ಲೆನೆಂದ ನಾಲ್ಕೈದು ಮಂದಿ ಸಾಮಾನ್ಯ ಬೀದಿಯ ಸಾಮಾನ್ಯ ಬಾಡಿಗೆ ಮನೆಯಲ್ಲಿ, ಒಬ್ಬ ಸಹಾಯಕಿಯ ಬೆಂಬಲದೊಡನೆ, ಕುಟುಂಬದಂತೆ ಬದುಕುತ್ತಾರೆ. ತರಕಾರಿ ತರುವುದು, ಟಿ.ವಿ. ಯಾವ ಚಾನೆಲ್ ಎಂಬ ಜಗಳ, ಹಬ್ಬಕ್ಕೆ ಯಾವ ಸಿಹಿ ಎನ್ನುವ ಚರ್ಚೆ ಎಲ್ಲವೂ ಆ ಮನೆಗಳಲ್ಲಿ ಇರುತ್ತದೆ. ವಾರ್ಡಿನಲ್ಲಿ ಗಂಟೆ ಬಾರಿಸಿದಾಗ ಉಂಡು ಮಲಗಿದವರಿಗೆ ಬಾಗಿಲಿನ ಚಿಲಕ ತಮ್ಮ ಕೈಗೇ ಸಿಗುವುದು ಎಷ್ಟು ದೊಡ್ಡದೆಂಬುದು ಅದನ್ನು ಕಳೆದುಕೊಂಡವರಿಗೆ ಗೊತ್ತು.

ಕಾನೂನೂ ಇದನ್ನೇ ಹೇಳುತ್ತದೆ. 2017ರ ಕಾಯ್ದೆಯ 19ನೇ ಕಲಮಿನ ಪ್ರಕಾರ, ಕುಟುಂಬವಿಲ್ಲವೆಂದಾಗಲಿ, ಕುಟುಂಬ ಒಪ್ಪುವುದಿಲ್ಲವೆಂದಾಗಲಿ, ಇರಲು ಮನೆಯಿಲ್ಲವೆಂದಾಗಲಿ, ಸಮುದಾಯದಲ್ಲಿ ಸೌಲಭ್ಯವಿಲ್ಲವೆಂದಾಗಲಿ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಆ ಹಕ್ಕು ಕಾಗದದಿಂದ ಇಳಿದು ನೆಲಕ್ಕೆ ಬರಬೇಕಾದರೆ ನಿಮ್ಮಂಥವರ ಬೀಗದ ಕೈ ಬೇಕು. ಸಮುದಾಯ ದೂರವಿಟ್ಟಾಗ ಏನಾಗುತ್ತದೆಂಬುದನ್ನು ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಕಂಡೆವು: ಅಲ್ಲಿನ ಆಶ್ರಮವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ 28 ಮಂದಿ ತಪ್ಪಿಸಿಕೊಳ್ಳಲಾಗದೆ ಸತ್ತರು.

ನೆರೆಯವರಿಗೆ ಹೀಗೆ ಹೇಳಬಹುದು: ಚಿಕಿತ್ಸೆಯಲ್ಲಿರುವ ಮಾನಸಿಕ ರೋಗಿಗಳಲ್ಲಿ ಬಹುಪಾಲು ಜನ ಯಾರಿಗೂ ಅಪಾಯಕಾರಿಗಳಲ್ಲ, ಅವರು ಇತರರಿಗೆ ಹಿಂಸೆ ಕೊಡುವುದಕ್ಕಿಂತ ಇತರರಿಂದ ಹಿಂಸೆಗೆ ಒಳಗಾಗುವುದೇ ಹೆಚ್ಚು. ಆದರೆ ಮಾತಿಗಿಂತ ವ್ಯವಸ್ಥೆಯೇ ಭಯವನ್ನು ಬೇಗ ಕಳೆಯುತ್ತದೆ. ರಾತ್ರಿ ಮನೆಯಲ್ಲಿ ಯಾರಿರುತ್ತಾರೆ, ತೊಂದರೆಯಾದರೆ ನೆರೆಯವರು ಯಾರಿಗೆ ಫೋನು ಮಾಡಬೇಕು, ಯಾವ ವೈದ್ಯರು ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ ಎಂಬುದನ್ನು ಸಂಸ್ಥೆಯಿಂದ ಬರಹದಲ್ಲಿ ಪಡೆಯಿರಿ. ಬಾಡಿಗೆ ಕರಾರನ್ನು ಸಂಸ್ಥೆಯ ಹೆಸರಿನಲ್ಲಿ ಮಾಡಿಕೊಂಡು, ದುರಸ್ತಿಯ ಹೊಣೆಯನ್ನೂ ಬರೆಸಿ. ಆ ಹೆಂಗಸರ ಕಾಯಿಲೆಯ ವಿವರಗಳನ್ನು ಮಾತ್ರ ಕೇಳಬೇಡಿ, ನೆರೆಯವರಿಗೂ ಹೇಳಬೇಡಿ. ಬೇರೆ ಬಾಡಿಗೆದಾರರ ರಕ್ತದೊತ್ತಡವನ್ನೋ ಗರ್ಭಪಾತವನ್ನೋ ನೀವು ಕೇಳುವುದಿಲ್ಲವಲ್ಲ. ಮನೆ ತುಂಬುವ ದಿನ ಸಂಸ್ಥೆಯವರು ಬೀದಿಯವರನ್ನು ಹಾಲುಕ್ಕಿಸಲು ಕರೆಯಲಿ. ಬರದವರು ಬರುವುದಿಲ್ಲ, ಬಂದ ಇಬ್ಬರೇ ಮುಂದೆ ಆ ಮನೆಯ ಪರವಾಗಿ ಮಾತನಾಡುತ್ತಾರೆ.

ಪ್ರಶ್ನೆ: ತಮ್ಮನಿಗೆ ಅಂಗವೈಕಲ್ಯದ ಸರ್ಟಿಫಿಕೇಟು ಮಾಡಿಸಿ ಎಂದು ವೈದ್ಯರು ಹೇಳುತ್ತಾರೆ. ಅದರಿಂದ ಹಣೆಪಟ್ಟಿ ಅಂಟಿದಂತಾಗುತ್ತದೆಂದು ಅಪ್ಪ ಬೇಡವೆನ್ನುತ್ತಾರೆ. – ಓದುಗಳು, ಗದಗ

ಉತ್ತರ: ಮಾಡಿಸಿ. ಅದು ಮನೆಯ ಬೀರುವಿನಲ್ಲಿರುವ ಕಾಗದ, ಬೇಕಾದಾಗ ಮಾತ್ರ ತೆಗೆಯುವಂಥದ್ದು. ಮಾಸಾಶನ, ಉದ್ಯೋಗ ಮೀಸಲಾತಿ, ಪ್ರಯಾಣದ ರಿಯಾಯಿತಿ ಮುಂತಾದವುಗಳಿಗೆ ಅರ್ಜಿ ಹಾಕುವಾಗ ಮೊದಲು ಕೇಳುವುದು ಅದನ್ನೇ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ತಂದೆಗೆ 75,000 ರೂಪಾಯಿ, ವೈಕಲ್ಯ ತೀವ್ರವಾಗಿದ್ದರೆ 1,25,000 ರೂಪಾಯಿ ಆದಾಯ ಕಡಿತವೂ ಸಿಗುತ್ತದೆ. ಅಳೆಯುವುದು ‘ಐಡಿಯಾಸ್’ ಎಂಬ ಮಾಪನದಿಂದ. ತನ್ನನ್ನು ತಾನು ನೋಡಿಕೊಳ್ಳುವುದು, ಇತರರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ ಎಂಬ ನಾಲ್ಕು ವಿಷಯಗಳಿಗೆ ಅಂಕ ಕೊಟ್ಟು, ಕಾಯಿಲೆಯ ಅವಧಿಯ ಅಂಕವನ್ನು ಕೂಡಿಸುತ್ತಾರೆ. ಒಟ್ಟು 7 ಅಥವಾ ಹೆಚ್ಚಾದರೆ ವೈಕಲ್ಯ ಶೇಕಡ 40 ಅಥವಾ ಮೇಲ್ಪಟ್ಟದ್ದೆಂದು ಪರಿಗಣಿಸುತ್ತಾರೆ. ಹೆಚ್ಚಿನ ಸೌಲಭ್ಯಗಳಿಗೆ ಬೇಕಾದ ಗಡಿ ಅದೇ. ಪರೀಕ್ಷೆಯ ದಿನ ತಮ್ಮನ ಮಾನ ಉಳಿಸಲೆಂದು ‘ಎಲ್ಲಾ ತಾನೇ ಮಾಡಿಕೊಳ್ಳುತ್ತಾನೆ’ ಎಂದು ಹೇಳುವ ಕುಟುಂಬಗಳೇ ಹೆಚ್ಚು. ಇದ್ದದ್ದನ್ನು ಇದ್ದಂತೆ ಹೇಳಿ: ನೆನಪಿಸದಿದ್ದರೆ ಎಷ್ಟು ದಿನ ಸ್ನಾನವಿಲ್ಲ, ಕೊನೆಯ ಸಲ ಗೆಳೆಯನನ್ನು ಕಂಡದ್ದು ಯಾವಾಗ. ಹಾಗೆ ಹೇಳುವ ಮುನ್ನ ತಮ್ಮನ ಒಪ್ಪಿಗೆ ಕೇಳುವುದನ್ನು ಮರೆಯಬೇಡಿ, ಅವನ ಎದುರಿನಲ್ಲೇ ಆ ಮಾತು ನಡೆಯುತ್ತದೆ.

ಪ್ರಶ್ನೆ: ನಾವು ಹಳ್ಳಿಯವರು. ಗಂಡನಿಗೆ ಏಳು ವರ್ಷದಿಂದ ಕಾಯಿಲೆ. ಧಾರವಾಡಕ್ಕೆ, ಬೆಂಗಳೂರಿಗೆ ತೋರಿಸಿ ಸಾಲವಾಯಿತು. ಈಗ ಸುಮ್ಮನಿರುತ್ತಾರೆ, ಮಾತ್ರೆಯ ಮಂಪರು ಬೇರೆ. ಕೂಲಿಗೆ ಕರೆಯುವವರಿಲ್ಲ, ಕರೆದರೂ ಅರ್ಧ ಕೂಲಿ ಕೊಡುತ್ತಾರೆ. ನೀವು ಹೇಳುವ ಮನೆಗಳು, ಕೆಫೆಗಳು ಎಲ್ಲ ಪಟ್ಟಣದವರಿಗೆ. ನಮ್ಮಂಥವರಿಗೆ ಏನಿದೆ? – ಓದುಗಳು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಮಾತು ಸರಿ. ಈ ಕ್ಷೇತ್ರದ ಸೌಲಭ್ಯಗಳೆಲ್ಲ ಪಟ್ಟಣದಲ್ಲೇ ಕೂತಿವೆ, ಅದಕ್ಕಾಗಿ ನನಗೂ ಬೇಸರವಿದೆ. ಆದರೂ ಹಳ್ಳಿಯಲ್ಲಿ ಏನೂ ಆಗದೆಂಬುದನ್ನು ನಾನು ಒಪ್ಪುವುದಿಲ್ಲ. ಊರಿನ ಮಟ್ಟದಲ್ಲೇ ಚಿಕಿತ್ಸೆ ಕೊಡಬಹುದೆಂದು ದೇಶಕ್ಕೆ ತೋರಿಸಿದ್ದು 1985ರಿಂದ 1990ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು 2005ರಿಂದ ಸ್ಕಿಜೋಫ್ರೀನಿಯಾ ಇರುವವರನ್ನು ಅವರವರ ಊರಲ್ಲೇ ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಜೊತೆಗಿದ್ದಾರೆ. ಔಷಧ ಬಿಡದೆ ತೆಗೆದುಕೊಂಡವರ ವೈಕಲ್ಯ ತಗ್ಗಿರುವುದು ಅಲ್ಲಿ ಕಂಡುಬಂದಿದೆ.

ಮೊದಲು ಸಾಲ ಬೆಳೆಯದಂತೆ ಮಾಡೋಣ. ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ತಪಾಸಣೆ ನಡೆಯುತ್ತದೆ. ನಿಮ್ಮ ತಾಲ್ಲೂಕಿನ ದಿನವನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿದುಕೊಳ್ಳಿ. ಹಳೆಯ ಚೀಟಿಗಳನ್ನೆಲ್ಲ ಒಯ್ದು, ಇಲ್ಲಿ ಸಿಗುವ ಔಷಧದಲ್ಲೇ ಚಿಕಿತ್ಸೆ ಮುಂದುವರಿಸಲು ಸಾಧ್ಯವೇ ಎಂದು ಕೇಳಿ. ಮಂಪರಿನ ಬಗ್ಗೆ ಹೇಳದೆ ಬರಬೇಡಿ. ಮಾತ್ರೆಯ ಹೊತ್ತನ್ನು ರಾತ್ರಿಗೆ ಬದಲಿಸುವುದರಿಂದಲೋ, ಪ್ರಮಾಣವನ್ನು ಹೊಂದಿಸುವುದರಿಂದಲೋ, ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿನಿಂದಲೋ ಎಷ್ಟೋ ಜನರ ಬೆಳಗು ಮರಳಿ ಬಂದಿದೆ. ಆದರೆ ವೈದ್ಯರನ್ನು ಕೇಳದೆ ನೀವಾಗಿಯೇ ಕಡಿಮೆ ಮಾಡಬೇಡಿ. ನಡುರಾತ್ರಿ ಗಾಬರಿಯಾದರೆ 14416 ಸಂಖ್ಯೆಗೆ ಕರೆ ಮಾಡಿ. ಅದು ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, ಹಣ ಬೀಳುವುದಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ.

ಇನ್ನು ದುಡಿಮೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಎಂಬವರಿರಬೇಕು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇವರು ವಿಕಲಚೇತನರ ಇಲಾಖೆಯ ಕೊಂಡಿಗಳು. ಕಾಲು ಕಣ್ಣು ಇಲ್ಲದವರಿಗೆ ಮಾತ್ರ ತಮ್ಮ ಕೆಲಸವೆಂದು ಅವರಲ್ಲಿ ಕೆಲವರು ಭಾವಿಸಿರುತ್ತಾರೆ. ಮಾನಸಿಕ ಕಾಯಿಲೆಯೂ 2016ರ ಕಾಯ್ದೆಯಲ್ಲಿ ಇದೆಯೆಂದು ನೀವೇ ಹೇಳಿ. ಸರ್ಟಿಫಿಕೇಟು, ಮಾಸಾಶನ, ಸರ್ಕಾರದ ಉದ್ಯೋಗ ಖಾತರಿಯ ಕೆಲಸದ ಚೀಟಿ ಇವುಗಳ ಅರ್ಜಿ ಅವರ ಕೈಯಲ್ಲಿ ಮುಂದೆ ಸಾಗಲಿ. ಕೂಲಿಗೆ ಅರ್ಧ ಕೊಡುವವರ ವಿಷಯದಲ್ಲಿ, ಮೊದಲು ಅರ್ಧ ದಿನದ ಕೆಲಸಕ್ಕೆ ಅರ್ಧ ಕೂಲಿ ಎಂದು ಮಾತು ಮಾಡಿಕೊಂಡು ಕಳಿಸಿ. ಇಡೀ ದಿನ ದುಡಿಸಿ ಅರ್ಧ ಕೊಡುವುದು ಶೋಷಣೆ, ಅದಕ್ಕೆ ಒಪ್ಪಬೇಡಿ. ಉರಿಬಿಸಿಲಿನ ಕೆಲಸಕ್ಕಿಂತ ಬೆಳಗಿನ ಅಥವಾ ನೆರಳಿನ ಕೆಲಸ ಒಳ್ಳೆಯದು, ಏಕೆಂದರೆ ಈ ಕಾಯಿಲೆಯ ಕೆಲವು ಮಾತ್ರೆಗಳು ಬಿಸಿಲನ್ನು ತಡೆಯುವ ಶಕ್ತಿಯನ್ನು ಕುಗ್ಗಿಸುತ್ತವೆ. ಜೊತೆಗೆ ನೀರಿನ ಬಾಟಲಿ ಇರಲಿ.

ಸ್ವಂತದ್ದೇನಾದರೂ ಮಾಡುವುದಾದರೆ ನಿಮ್ಮ ಸ್ತ್ರೀಶಕ್ತಿ ಗುಂಪಿನಲ್ಲಿ ಸಾಲ ಕೇಳುವ ಮುನ್ನ ಅವರಿಗೆ ಏನು ಇಷ್ಟವಿತ್ತೆಂದು ನೆನಪು ಮಾಡಿಕೊಳ್ಳಿ. ಕಾಯಿಲೆಗೆ ಮೊದಲು ದನ ಕಟ್ಟುತ್ತಿದ್ದವರಾಗಿದ್ದರೆ ಒಂದೇ ಒಂದು ಹಸುವಿನಿಂದ ಆರಂಭಿಸಬಹುದು. ಹಸು ಬೆಳಿಗ್ಗೆ ಐದಕ್ಕೆ ಕೂಗುತ್ತದೆ, ಮೇವು ಕೇಳುತ್ತದೆ, ಡೈರಿಯವರು ಹೊತ್ತಿಗೆ ಸರಿಯಾಗಿ ಹಾಲು ಕೇಳುತ್ತಾರೆ, ಕೂಲಿಯವರ ಹಾಗೆ ‘ಇವನಿಗೆ ಅರ್ಧ ಸಾಕು’ ಎಂದು ಯಾರೂ ಹೇಳುವುದಿಲ್ಲ. ಲೀಟರಿಗೆ ಎಲ್ಲರಿಗೂ ಸಿಗುವ ದರವೇ ಅವರಿಗೂ. ಮೊದಲ ತಿಂಗಳು ಹಿಂಡುವುದು ನೀವೇ ಆಗಬಹುದು, ಡೈರಿಗೆ ಹಾಲು ಕೊಂಡೊಯ್ಯುವುದನ್ನು ಅವರಿಗೆ ಬಿಡಿ. ಡೈರಿಯ ಪುಸ್ತಕದಲ್ಲಿ ಹೆಸರು ಅವರದ್ದೇ ಇರಲಿ.